ಅಜ್ಜನ ಪೆಟ್ಟಿಗೆಯ ಪದಕ ನಿಜಾಮರದ್ದಲ್ಲ

ನಮಸ್ಕಾರ್ರೀ. ಬೀದರಿನ ನಿಮ್ಮ ಮನೆಯಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಅಂಗೈ ಅಗಲದ ಕಂಚಿನ ಪದಕ, ಒಂದು ಕಡೆ ತುರ್ಕಿ ಟೋಪಿಯ ರಾಜ, ಇನ್ನೊಂದು ಕಡೆ ಇಬ್ಬರು ಹೆಂಗಸರು, ಹಿಂದೆ ಚರ್ಚು, ಮಸೀದಿ. ಇದು ನಿಜಾಮರದ್ದಾ ಅಂತ ಕೇಳಿದ್ದೀರಿ. ಅಲ್ಲ. ಆ ಟೋಪಿಯ ರಾಜ ತುರ್ಕಿಯ ಸುಲ್ತಾನ ಅಬ್ದುಲ್ ಅಜೀಜ್. 1867ರಲ್ಲಿ ಅವರು ಲಂಡನ್‌ಗೆ ಬಂದ ನೆನಪಿಗೆ ಅಲ್ಲಿನ ನಗರಾಡಳಿತ ಮಾಡಿಸಿದ್ದು, ಅಚ್ಚು ಕೆತ್ತಿದವರು ಪದಕ ಕೆತ್ತನೆಗೆ ಹೆಸರಾದ ಇಂಗ್ಲೆಂಡಿನ ವಯಾನ್ ಮನೆತನದವರು. ಆ ಹೆಂಗಸರು ರಾಣಿಯರಲ್ಲ. ಹೆಣ್ಣಿನ ರೂಪದಲ್ಲಿ ಒಬ್ಬಳು ಲಂಡನ್ ನಗರ, ಇನ್ನೊಬ್ಬಳು ತುರ್ಕಿ ದೇಶ, ಅವರನ್ನು ಗುರುತಿಸೋಕೇ ಹಿಂದೆ ಸೇಂಟ್ ಪಾಲ್ಸ್ ಚರ್ಚು ಮತ್ತು ಮಸೀದಿ. ಒಂದು ಊರು ಒಂದು ದೇಶವನ್ನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳೋದು ಎಷ್ಟು ಚೆಂದ! ನಮ್ಮ ಬೀದರ್ ಕೋಟೆಯ ಶರ್ಜಾ ದರವಾಜಾ ಬಾಗಿಲ ಮೇಲೆ ಕೆತ್ತಿದ ಹುಲಿಗಳೂ ಹೀಗೇ ಏನೋ ಹೇಳುತ್ತವೆ, ಸುಮ್ನೆ ಅಲಂಕಾರಕ್ಕಲ್ಲ, ಅಲ್ವಾ? ದಯವಿಟ್ಟು ಪದಕಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಆ ಕಂದು ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ.