ಮುದಿ ನಾಯಿಯ ಜೊತೆ ಒಂದು ಸುತ್ತು

ಪ್ರಿಯ ಓದುಗರೇ,

ಪ್ರಾಣಿಗಳ ಆಶ್ರಯತಾಣದಲ್ಲಿ ದತ್ತು ಹೋಗದೆ ಉಳಿದ ಮುದಿ ನಾಯಿಗಳನ್ನು ವಾರಕ್ಕೆರಡು ಬಾರಿ ನಡೆದಾಡಿಸಲು ಒಪ್ಪಿಕೊಂಡಿದ್ದೀರಿ, ಈಗ ಮನಸ್ಸು ಹಿಂಜರಿಯುತ್ತಿದೆ ಎಂದು ಬರೆದಿದ್ದೀರಿ. "ಮನೆಗೆ ಕರೆತರುವ ಸ್ಥಿತಿಯಲ್ಲಿ ನಾನಿಲ್ಲ. ಅರ್ಧ ಗಂಟೆ ಅಕ್ಕರೆ ತೋರಿಸಿ ಮತ್ತೆ ಗೂಡಿಗೆ ಬಿಟ್ಟು ಬರುವುದು ಕ್ರೌರ್ಯವಲ್ಲವೇ?" ಎಂಬುದು ನಿಮ್ಮ ಮುಖ್ಯ ಪ್ರಶ್ನೆ.

ಅಲ್ಲ. ಗೂಡಿನ ಬಾಗಿಲು ಹಾಕಿ ಬರುವಾಗ ಹೆಚ್ಚು ನೋಯುವವರು ನಾವೇ ಎಂದು ನನ್ನ ಅನುಮಾನ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. ಅಮೆರಿಕದ ಐದು ಆಶ್ರಯತಾಣಗಳ 207 ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕಳುಹಿಸಿ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅನ್ನು ಅಳೆದರು. ಮನೆಯಲ್ಲಿದ್ದಾಗ ಅದು ಇಳಿಯಿತು. ಮರಳಿದ ಮೇಲೆ ಮತ್ತೆ ಏರಿತು, ಆದರೆ ಮೊದಲಿದ್ದಷ್ಟಕ್ಕೇ ನಿಂತಿತು. ಅಂದರೆ ಮರಳಿದ್ದರಿಂದ ನಾಯಿಗಳ ಪಾಡು ಹಿಂದಿಗಿಂತ ಕೆಡಲಿಲ್ಲ. ಸಿಕ್ಕ ನೆಮ್ಮದಿ ಸಿಕ್ಕಿದ್ದೇ ಲಾಭ. ಕ್ರೌರ್ಯ ಎನ್ನಬಹುದಾದದ್ದು ಬೇರೆ ಇದೆ: ನಾಲ್ಕು ವಾರ ಉತ್ಸಾಹದಿಂದ ಹೋಗಿ, ಐದನೆಯ ವಾರ ಹೇಳದೆ ಕೇಳದೆ ನಿಲ್ಲಿಸಿಬಿಡುವುದು. ಮುದಿ ನಾಯಿ ದಿನಚರಿಯನ್ನು ನೆಚ್ಚಿಕೊಂಡು ಬದುಕುತ್ತದೆ. ವಾರಕ್ಕೆರಡು ಬಾರಿ ಕಷ್ಟವೆನಿಸಿದರೆ ಒಂದೇ ಬಾರಿ ಎಂದು ಈಗಲೇ ಹೇಳಿಬಿಡಿ.

ಇನ್ನು ನಡಿಗೆಯ ವಿಷಯ. ಇದನ್ನು ವ್ಯಾಯಾಮ ಎಂದುಕೊಂಡು ಹೊರಡುವವರೇ ಬಹಳ, ಅದರಿಂದಲೇ ತೊಂದರೆ. ಸಂಧಿವಾತವಿರುವ ನಾಯಿ ಎದ್ದ ಕೂಡಲೇ ಬಿಗಿಯಾಗಿ, ಮರದ ಕಾಲಿನಂತೆ ಹೆಜ್ಜೆ ಇಡುತ್ತದೆ. ಕೆಲವು ನಿಮಿಷದಲ್ಲಿ ಸಡಿಲವಾಗುತ್ತದೆ. ಆ ಮೊದಲ ನಿಮಿಷಗಳಲ್ಲಿ ಅವಸರ ಮಾಡಬೇಡಿ. ಒಂದು ದೀರ್ಘ ನಡಿಗೆಗಿಂತ ಎರಡು ಗಿಡ್ಡ ನಡಿಗೆ ಮೇಲು, ಮೆಟ್ಟಿಲಿಗಿಂತ ಸಮನೆಲ ಮೇಲು, ಕುತ್ತಿಗೆಯ ಬೆಲ್ಟಿಗಿಂತ ಎದೆಗೆ ತೊಡಿಸುವ ಹಾರ್ನೆಸ್ ಮೇಲು. ಬಿಸಿಲಿನ ಹೊತ್ತಿನಲ್ಲಿ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಇಟ್ಟು ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ಆಗದು.

ಅದು ಒಂದೇ ಪೊದೆಯ ಬಳಿ ನಿಂತು ಮೂಸುತ್ತಲೇ ಇದ್ದರೆ ಎಳೆಯಬೇಡಿ. ಕಣ್ಣು ಮಂಜಾಗಿ ಕಿವಿ ಮಂದವಾದ ಮೇಲೂ ಮೂಗು ಬಹುಕಾಲ ಕೈಕೊಡುವುದಿಲ್ಲ. ಇಡೀ ದಿನ ಸಿಮೆಂಟು ನೆಲ, ಫಿನಾಯಿಲ್ ವಾಸನೆಯ ನಡುವೆ ಕಳೆದ ಜೀವಕ್ಕೆ ಆ ಪೊದೆಯೇ ಬೇಕಾಗಿರುತ್ತದೆ, ದೂರವಲ್ಲ. ಹಿಂದಿನಿಂದ ಥಟ್ಟನೆ ಮುಟ್ಟಬೇಡಿ. ಕಿವಿ ಕೇಳದ ನಾಯಿ ಬೆಚ್ಚಿಬಿದ್ದು ಕಚ್ಚಬಹುದು. ರೇಬೀಸ್ ಮುನ್ನೆಚ್ಚರಿಕೆಯ ಲಸಿಕೆಯ ಬಗ್ಗೆ ಮೊದಲೇ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ನಿಮ್ಮ ಪತ್ರದಲ್ಲಿ ಕಾಣದ ಒಂದು ಕೆಲಸವಿದೆ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಹತ್ತಾರು ಗೂಡು ತೊಳೆಯುವ ಸಿಬ್ಬಂದಿಗೆ ಒಂದು ನಾಯಿಯನ್ನು ಅರ್ಧ ಗಂಟೆ ನೋಡುತ್ತ ನಿಲ್ಲುವ ಬಿಡುವಿಲ್ಲ. ನಿಮಗಿದೆ. ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ನಡಿಗೆ ಹೇಳುತ್ತದೆ. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ನೀರು ಹಿಂದಿಗಿಂತ ಹೆಚ್ಚು ಕುಡಿಯುತ್ತಿದೆಯೇ, ಪದೇ ಪದೇ ಮೂತ್ರ ಮಾಡುತ್ತಿದೆಯೇ ಗಮನಿಸಿ. ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಕಣ್ಣಿನಲ್ಲಿ ನೀಲಿ ಛಾಯೆ ಕಂಡ ಮಾತ್ರಕ್ಕೆ ಕುರುಡೆಂದು ತೀರ್ಮಾನಿಸಬೇಡಿ. ವಯಸ್ಸಾದ ಕಣ್ಣಿನ ಮಸೂರ ಗಟ್ಟಿಯಾದಾಗಲೂ ಹಾಗೆ ಕಾಣುತ್ತದೆ, ದೃಷ್ಟಿ ಅಷ್ಟೇನೂ ಕೆಡುವುದಿಲ್ಲ. ಪೊರೆಯೋ ಅಲ್ಲವೋ ಎಂಬುದನ್ನು ಪಶುವೈದ್ಯರು ಹೇಳಲಿ.

ಇದನ್ನೆಲ್ಲ ಬರೆದಿಟ್ಟು ಸಿಬ್ಬಂದಿಗೆ ಕೊಡಿ. ಅದರೊಡನೆ ನಾಯಿಯ ಗುಣವನ್ನೂ ಬರೆಯಿರಿ: ಸೈಕಲ್ ಹಾದುಹೋದರೆ ಬೊಗಳುವುದಿಲ್ಲ, ಮಕ್ಕಳ ಬಳಿ ತಾನಾಗಿ ಕೂರುತ್ತದೆ, ಬೆಕ್ಕು ಕಂಡರೆ ಮಾತ್ರ ವಯಸ್ಸು ಮರೆತು ಎಳೆಯುತ್ತದೆ. ಗೂಡಿನ ಮೂಲೆಯಲ್ಲಿ ಮುದುಡಿದ ಮುದಿ ನಾಯಿಯ ಮುಂದೆ ದತ್ತು ಬಯಸಿ ಬಂದವರು ನಿಲ್ಲುವುದೇ ಇಲ್ಲ. ಮರಿಗಳ ಗೂಡು ಅಲ್ಲೇ ಪಕ್ಕದಲ್ಲಿರುತ್ತದಲ್ಲ! ಆ ಮುದಿ ನಾಯಿ ಹೊರಗೆ ಹೇಗಿರುತ್ತದೆ ಎಂದು ಕಂಡವರು ಯಾರೋ ಹೇಳಿದರೆ ಮಾತ್ರ ಅವರು ಎರಡನೆಯ ಸಲ ತಿರುಗಿ ನೋಡುತ್ತಾರೆ. ಆದ್ದರಿಂದ "ನನ್ನಿಂದ ದತ್ತು ಪಡೆಯಲಾಗದು" ಎಂಬ ಕೊರಗನ್ನು ಬಿಡಿ. ದತ್ತು ಪಡೆಯಬಲ್ಲವರಿಗೆ ಆ ನಾಯಿಯ ಪರಿಚಯ ಮಾಡಿಸಬಲ್ಲವರು ನೀವು.

ಎಲ್ಲವೂ ಮನೆ ಸೇರುವುದಿಲ್ಲ. ನೀವು ನಡೆಸಿದ ನಾಯಿಯೊಂದು ಮುಂದಿನ ವಾರ ಇಲ್ಲದಿರಬಹುದು, ಆ ಮಾತನ್ನು ಮುಚ್ಚಿಟ್ಟು ನಿಮ್ಮನ್ನು ಅಲ್ಲಿಗೆ ಕಳುಹಿಸಲಾರೆ.

ಕೊನೆಯದಾಗಿ, ಯಾವ ನಾಯಿಯನ್ನು ಆರಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಆರಿಸಬೇಡಿ. ಹೊರಗೆ ಹೋಗಿ ಹೆಚ್ಚು ದಿನವಾದದ್ದು ಯಾವುದು ಎಂದು ಸಿಬ್ಬಂದಿಯನ್ನು ಕೇಳಿ, ಅದನ್ನೇ ಕರೆದುಕೊಂಡು ಹೋಗಿ.

— ಸಂಪಾದಕ