ರದ್ದು ಮಾಡಲು ಯಾವ ಬಟನ್ ಒತ್ತಬೇಕು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಭಾಂಗಣದ ಬುಕಿಂಗ್‌ಗೆ ಚಿಕ್ಕದೊಂದು ವೆಬ್ ಆ್ಯಪ್ ಮಾಡಿದ್ದೇವೆ. 'ಬುಕಿಂಗ್ ರದ್ದು ಮಾಡಬೇಕೇ?' ಎಂದು ಕೇಳುವಲ್ಲಿ 'ಸರಿ', 'ರದ್ದು ಮಾಡಿ' ಎಂಬ ಎರಡು ಬಟನ್ ಇವೆ. ಹಿರಿಯರು ತಪ್ಪಾಗಿ ಒತ್ತುತ್ತಾರೆ. ಕೆಲವರಿಗೆ ಎರಡೆರಡು ಸಲ ಹಣ ಕಡಿತವಾಗಿದೆ. ಬಟನ್‌ನಲ್ಲಿ ಕನ್ನಡದ ಒತ್ತಕ್ಷರಗಳೂ ಅರ್ಧ ಕತ್ತರಿಸಿ ಹೋಗಿವೆ. ಸರಿಪಡಿಸುವುದು ಹೇಗೆ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ತಪ್ಪು ಹಿರಿಯರದ್ದಲ್ಲ. 'ರದ್ದು ಮಾಡಿ' ಒತ್ತಿದರೆ ಬುಕಿಂಗ್ ಹೋಗುತ್ತದೋ, ಇಲ್ಲ ರದ್ದು ಮಾಡುವ ಯೋಚನೆಯನ್ನೇ ಕೈಬಿಟ್ಟಂತೋ? ಯಾರಿಗಾದರೂ ಗೊಂದಲವಾಗುತ್ತದೆ. ಒತ್ತಿದರೆ ಏನಾಗುತ್ತದೋ ಅದನ್ನೇ ಬಟನ್ ಮೇಲೆ ಬರೆಯಿರಿ: 'ಬುಕಿಂಗ್ ರದ್ದು ಮಾಡಿ', 'ಬುಕಿಂಗ್ ಹಾಗೇ ಇರಲಿ'. ಅವಸರದಲ್ಲಿರುವವರು ಮೇಲಿನ ಪ್ರಶ್ನೆ ಓದದೆ ಬಟನ್ ಅಷ್ಟೇ ನೋಡುತ್ತಾರೆ, ಅವರಿಗೂ ಅರ್ಥವಾಗಬೇಕು. ರದ್ದಿನ ಬಟನ್‌ಗೆ ಕೆಂಪು ಕೊಡಿ, ಆದರೆ ಬಣ್ಣವೊಂದನ್ನೇ ನಂಬಬೇಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸದ ಪ್ರಮಾಣ) ಇರಲಿ. ತಿಳಿ ಕಿತ್ತಳೆಯ ಮೇಲೆ ಬಿಳಿ ಅಕ್ಷರ ಬಿಸಿಲಲ್ಲಿ ಕಾಣುವುದೇ ಇಲ್ಲ.

ಒತ್ತಕ್ಷರ ಕತ್ತರಿಸುವುದಕ್ಕೆ ಕಾರಣ, ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಟನ್ನಿನ ಎತ್ತರವನ್ನು ಬಿಗಿಯಾಗಿ ಕಟ್ಟಿರುವುದು. ಎತ್ತರ 40 ಪಿಕ್ಸೆಲ್, ಸಾಲಿನ ಎತ್ತರ 1 (ಅಂದರೆ ಅಕ್ಷರದ ಅಳತೆಯಷ್ಟೇ), ಹೊರಚಾಚಿದ್ದನ್ನು ಮರೆಮಾಡು ಎಂದು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ನಿರ್ಧರಿಸುವ ಕೋಡ್‌ನಲ್ಲಿ) ಬರೆದಿದ್ದರೆ 'ಷ್ಟ್ರೀ'ಯ ಕೆಳಭಾಗಕ್ಕೆ ಜಾಗವೆಲ್ಲಿ? ನಿಗದಿತ ಎತ್ತರ ತೆಗೆದು 'ಕನಿಷ್ಠ ಎತ್ತರ 48 ಪಿಕ್ಸೆಲ್' ಎಂದು ಕೊಡಿ. ಸಾಲಿನ ಎತ್ತರ 1.5, ಒಳಅಂತರ (ಬರಹಕ್ಕೂ ಬಟನ್ನಿನ ಅಂಚಿಗೂ ನಡುವಿನ ಜಾಗ) ಮೇಲೆ ಕೆಳಗೆ 10, ಅಕ್ಕಪಕ್ಕ 16 ಪಿಕ್ಸೆಲ್ ಇಟ್ಟು ನೋಡಿ. ಅಗಲವನ್ನೂ ಕಟ್ಟಿಹಾಕಬೇಡಿ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಬರಹ ಎರಡು ಸಾಲಾದರೂ ಪೂರ್ತಿ ಕಾಣಲಿ. 'ರಾಷ್ಟ್ರೀಯ' ಎಂದು ಬರೆದು ಪರೀಕ್ಷಿಸಿ. ಎರಡು ಒತ್ತು, ಮೇಲೊಂದು ಗುಡಿಸು, ಪಕ್ಕದಲ್ಲಿ ದೀರ್ಘ, ಎಲ್ಲವೂ ಅದರಲ್ಲಿವೆ.

ಈ 48 ಬೆರಳಿಗೂ ಸರಿಯಾದ ಅಳತೆ. ಒತ್ತುವ ಜಾಗ ಕನಿಷ್ಠ ಆಂಡ್ರಾಯ್ಡ್ 48 ಡಿಪಿ, ಆ್ಯಪಲ್ 44 ಪಾಯಿಂಟ್ ಎನ್ನುತ್ತವೆ (ಇವೆರಡೂ ಫೋನಿನ ಪರದೆಗೆ ಹೊಂದಿಕೊಳ್ಳುವ ಅಳತೆಗಳು). ಎರಡು ಬಟನ್ ನಡುವೆ 8 ಪಿಕ್ಸೆಲ್ ಆದರೂ ಬಿಡಿ.

ಹಣ ಎರಡು ಸಲ ಹೋಗುವುದು, ಒತ್ತಿದ ಮೇಲೂ ಪಾವತಿಯ ಬಟನ್ ಸುಮ್ಮನಿರುವುದರಿಂದ. ಒತ್ತಿದ ಕೂಡಲೇ ಅದು ನಿಷ್ಕ್ರಿಯವಾಗಿ, 'ಪಾವತಿಯಾಗುತ್ತಿದೆ…' ಎಂದು ಬದಲಾಗಲಿ. ಇಷ್ಟೇ ಸಾಲದು: ನೆಟ್‌ವರ್ಕ್ ಕೈಕೊಟ್ಟಾಗ ಜನ ಪುಟವನ್ನು ರಿಫ್ರೆಶ್ ಮಾಡಿ ಮತ್ತೆ ಒತ್ತುತ್ತಾರೆ. ಬುಕಿಂಗ್ ಶುರುವಾದಾಗಲೇ ಅದಕ್ಕೊಂದು ಸಂಖ್ಯೆ ಕೊಟ್ಟು ಉಳಿಸಿಡಿ. ಅದೇ ಸಂಖ್ಯೆಯ ಕೋರಿಕೆ ಇನ್ನೊಮ್ಮೆ ಬಂದರೆ ಸರ್ವರ್ ಹೊಸದಾಗಿ ಹಣ ಕೇಳದೆ ಮೊದಲಿನ ಫಲಿತಾಂಶವನ್ನೇ ತೋರಿಸಬೇಕು. ಹಣದ ವಿಷಯವಾದ್ದರಿಂದ ಮೊದಲು ಇದನ್ನೇ ಸರಿಪಡಿಸಿ.