ಅಣ್ಣನೊಡನೆ ಮಾತಿಲ್ಲ, ಪಾಪನಿವೇದನೆ ಮಾಡಬಹುದೆ?

ಪ್ರಶ್ನೆ: ಅಪ್ಪನ ಜಮೀನು ಪಾಲಾದಾಗ ಅಣ್ಣನಿಗೂ ನನಗೂ ಮಾತು ನಿಂತಿತು. ಆರು ವರ್ಷವಾಯಿತು, ಅಂದಿನಿಂದ ಚರ್ಚಿನ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೂ ಹೋಗಿಲ್ಲ. ಪಾಸ್ಕ (ಈಸ್ಟರ್) ಹಬ್ಬದೊಳಗೆ ಹೋಗಬೇಕೆಂದಿದ್ದೇನೆ. ಅಣ್ಣ ರಾಜಿಯಾಗದಿದ್ದರೆ ಕ್ಷಮೆ ಸಿಗುತ್ತದೆಯೇ?
— ಓದುಗರು, ಹಾಸನ ಜಿಲ್ಲೆ

ಉತ್ತರ: ಸಿಗುತ್ತದೆ. ಅಣ್ಣ ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕಡೆಯಿಂದ ದ್ವೇಷ ಬಿಡುವ ಮನಸ್ಸಿರಬೇಕು, ಅಷ್ಟೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ (12:18) ಪೌಲನು ಸಮಾಧಾನವನ್ನು ‘ನಿಮ್ಮಿಂದಾಗುವ ಮಟ್ಟಿಗೆ’ ಮಾತ್ರ ಕೇಳುತ್ತಾನೆ.

ಮೊದಲು ನಿಮ್ಮ ಪಾಲಿನ ತಪ್ಪನ್ನು ಹುಡುಕಿ. ಮತ್ತಾಯ 5:23ರಲ್ಲಿ ಯೇಸು ಹೇಳುವುದು ಸಹೋದರನಿಗೆ ನಿಮ್ಮ ಮೇಲಿರುವ ದೂರನ್ನು, ನಿಮಗೆ ಅವನ ಮೇಲಿರುವುದನ್ನಲ್ಲ. ಬದು ಒತ್ತಿದ್ದುಂಟೆ? ಊರಲ್ಲಿ ಅವರ ಹೆಸರು ಕೆಡಿಸಿದ್ದುಂಟೆ? ಘೋರ ಪಾಪಗಳನ್ನು ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ವಿವರದ ಕಥೆ ಬೇಡ. ಇಲ್ಲೇ ಹೆಚ್ಚಿನವರು ಎಡವುತ್ತಾರೆ: ‘ಅಣ್ಣ ಹೀಗೆ ಮಾಡಿದ, ಅದಕ್ಕೇ ನಾನು...’ ಎಂದು ಶುರುವಾದರೆ ಅದು ಅಣ್ಣನ ಪಾಪನಿವೇದನೆಯಾಗುತ್ತದೆ!

ಭಾನುವಾರದ ಪೂಜೆಗೆ ಹತ್ತು ನಿಮಿಷವಿರುವಾಗ ಸಾಲಿನಲ್ಲಿ ನಿಲ್ಲಬೇಡಿ, ಗುರುಗಳ ಬಳಿ ಬೇರೆ ಸಮಯ ಕೇಳಿ. ಶಿಲುಬೆಯ ಗುರುತು ಹಾಕಿ, ಬಂದು ಆರು ವರ್ಷವಾಯಿತೆಂದು ಮೊದಲೇ ತಿಳಿಸಿ. ಪ್ರಾರ್ಥನೆ ಮರೆತಿದ್ದರೆ ಹಾಗೆಂದೇ ಹೇಳಿ, ಅವರೇ ಹೇಳಿಕೊಡುತ್ತಾರೆ. ಮರೆವಿನಿಂದ ಬಿಟ್ಟುಹೋದ ಪಾಪವೂ ಕ್ಷಮೆಯಲ್ಲಿ ಸೇರುತ್ತದೆ, ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಘೋರ ಪಾಪವನ್ನು ಬೇಕೆಂದೇ ಬಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ವ್ಯರ್ಥ. ಕೊಟ್ಟ ಪ್ರಾಯಶ್ಚಿತ್ತವನ್ನು ಅಂದೇ ಮುಗಿಸಿ. ಫೋನಿನಲ್ಲಿ ಈ ಸಂಸ್ಕಾರ ನಡೆಯುವುದಿಲ್ಲ.

ಕ್ಷಮೆ ಸಿಕ್ಕಿತೆಂದು ಒತ್ತಿದ ಬದು ನಿಮ್ಮದಾಗದು. ಹಿಂದಿರುಗಿಸಬೇಕು. ಸುಂಕ ವಸೂಲಿಗಾರ ಜಕ್ಕಾಯನು ತಾನು ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಚಾಡಿ ಹೇಳಿದ್ದರೆ ಅದನ್ನು ಯಾರ ಮುಂದೆ ಹೇಳಿದ್ದಿರೋ ಅವರ ಮುಂದೆಯೇ ಸರಿಪಡಿಸಬೇಕು, ಇದು ಜಮೀನು ಬಿಡುವುದಕ್ಕಿಂತ ಕಷ್ಟ. ನಿಮಗೆ ನ್ಯಾಯವಾಗಿ ಬರಬೇಕಾದ ಪಾಲನ್ನಂತೂ ಕೇಳಬಹುದು. ದ್ವೇಷವಿಲ್ಲದೆ ಪಾಲಿನ ದಾವೆ ನಡೆಸುವುದು ಪಾಪವಲ್ಲ.

ಅಣ್ಣನ ಬಳಿ ಒಬ್ಬರೇ ಹೋಗಿ. ಮದುವೆ ಮನೆಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ಬೇಡ. ನಿಮ್ಮ ತಪ್ಪನ್ನು ಎರಡು ಮಾತಿನಲ್ಲಿ ಹೇಳಿ, ‘ಆದರೆ’ ಸೇರಿಸದೆ ನಿಲ್ಲಿಸಿ. ಅವರದೇ ತಪ್ಪಿದ್ದು, ಒಬ್ಬರೇ ಹೋಗಿ ಹೇಳಿದ್ದನ್ನು ಕೇಳದಿದ್ದರೆ, ಇಬ್ಬರೂ ಒಪ್ಪುವ ಒಬ್ಬ ಹಿರಿಯರನ್ನು ಕರೆದೊಯ್ಯಿರಿ. ಮತ್ತಾಯ 18:15–16ರ ಕ್ರಮವೂ ಇದೇ.

ಪ್ರಶ್ನೆ: ಗಂಡ ಕುಡಿದು ಹೊಡೆಯುತ್ತಾರೆ. ಎರಡು ಸಲ ಆಸ್ಪತ್ರೆ ಸೇರಿದ್ದೇನೆ, ಈಗ ತವರಿನಲ್ಲಿದ್ದೇನೆ. ‘ಏಳೆಪ್ಪತ್ತು ಸಲ ಕ್ಷಮಿಸು, ವಾಪಸ್ ಹೋಗು’ ಎನ್ನುತ್ತಾರೆ ಪ್ರಾರ್ಥನಾ ಕೂಟದವರು. ನಾವು ಕಥೋಲಿಕರು.
— ಹೆಸರು ಬೇಡ

ಉತ್ತರ: ಹೋಗಬೇಡಿ ತಾಯಿ. ಕ್ಷಮಿಸುವುದು ಬೇರೆ, ಏಟು ತಿನ್ನಲು ಮರಳುವುದು ಬೇರೆ. ಕೂಟದವರು ಆಧಾರ ಮಾಡಿಕೊಳ್ಳುವ ಮತ್ತಾಯ 18ರ ಸಾಮತಿಯಲ್ಲಿ (ನೀತಿಕಥೆಯಲ್ಲಿ) ರಾಜನು ಒಬ್ಬ ಸೇವಕನಿಗೆ ಮನ್ನಾ ಮಾಡಿದ ಸಾಲ ಹತ್ತು ಸಾವಿರ ತಲಾಂತು, ಅಂದರೆ ಸುಮಾರು ಆರು ಕೋಟಿ ದಿನಗಳ ಕೂಲಿ. ಆ ಸೇವಕ ಮನ್ನಾ ಮಾಡದ ಜೊತೆಯವನ ಸಾಲ ನೂರು ದಿನಗಳ ಕೂಲಿ. ಮೊದಲನೆಯದು ಅಳತೆಗೆ ಮೀರಿದ್ದು ನಿಜ. ಆದರೆ ಬಡವನಿಗೆ ಮೂರು ತಿಂಗಳ ಕೂಲಿಯೂ ಸಣ್ಣದಲ್ಲ. ನಿಮಗಾದ ನೋವನ್ನು ಸುವಾರ್ತೆ ಕಡೆಗಣಿಸುವುದಿಲ್ಲ. ಲೂಕ 17:3 ತಪ್ಪು ಮಾಡಿದವನನ್ನು ಮೊದಲು ಗದರಿಸು ಎನ್ನುತ್ತದೆ.

ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿರಲು ಧರ್ಮಸಭೆಯ ಕಾನೂನಿನ 1153ನೇ ವಿಧಿಯೇ ಅವಕಾಶ ಕೊಡುತ್ತದೆ. ತಡ ಮಾಡಿದರೆ ಅಪಾಯವೆನ್ನುವಾಗ ಮೇತ್ರಾಣಿಗಳ (ಬಿಷಪ್) ಅಪ್ಪಣೆಗೂ ಕಾಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ದೂರು ಕೊಡುವುದರಿಂದ ಕ್ಷಮೆಗೆ ಕುಂದಿಲ್ಲ. 181ಕ್ಕೆ ಕರೆ ಮಾಡಿ. ಆಸ್ಪತ್ರೆಯ ಚೀಟಿಗಳು ಜೋಪಾನ.

ಪ್ರಶ್ನೆ: ನಾವು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಯವರು. ಪಾದ್ರಿಯವರ ಮುಂದೆ ಪಾಪ ಹೇಳಿಕೊಳ್ಳಲೇಬೇಕೆ?
— ಓದುಗರು, ಧಾರವಾಡ

ಉತ್ತರ: ಕಡ್ಡಾಯವಿಲ್ಲ. ಕರ್ತನ ಭೋಜನದ ಆರಾಧನೆಯಲ್ಲಿ ಸಭೆಯೆಲ್ಲ ಸೇರಿ ಮಾಡುವ ಪಾಪದ ಅರಿಕೆ ಇದೆ, ಮನೆಯಲ್ಲಿ ನೇರವಾಗಿ ದೇವರಿಗೂ ಅರಿಕೆ ಮಾಡಬಹುದು (1 ಯೋಹಾನ 1:9). ಒಂದೇ ವಿಷಯ ಮತ್ತೆ ಮತ್ತೆ ಕೊರೆಯುತ್ತಿದ್ದರೆ ಸಭಾಪಾಲಕರಿಗೆ ಹೇಳಿಕೊಳ್ಳಿ. ಗುಟ್ಟಾಗಿ ಇಡುತ್ತೀರಾ ಎಂದು ಮೊದಲೇ ಕೇಳಲು ಸಂಕೋಚ ಬೇಡ.